ಅಂಗುಳದ ಸಾಕ್ಷಿ

ರಾಣಿ ಮಂಚದ ಮೇಲೆ ಸತ್ತು ಬಿದ್ದಿದ್ದರು. ತುಟಿ ನೀಲಿ. ದಿಂಬಿನಡಿ ಒದ್ದೆ ಕರವಸ್ತ್ರ.

ರಾಣಿ ಎಂಬುದು ಆ ಹಳೆಯ ರಂಗನಟಿಗೆ ಜನ ಇಟ್ಟ ಹೆಸರು. ಉಸಿರುಗಟ್ಟಿಸಿ ಕೊಂದಿದ್ದಾರೆ ಎಂದರು ವೈದ್ಯರು. ಕರವಸ್ತ್ರ ರಾಣಿಯ ಆರೈಕೆಗಿದ್ದ ತಂಗಿಯ ಮಗಳದು.

"ಬೆಳಿಗ್ಗೆ ತುಟಿ ಒರೆಸಿದ್ದೆ, ಅಷ್ಟೇ! ಆಮೇಲೆ ಔಷಧಿ ತರೋಕೆ ಹೋದೆ."

"ಬಾಗಿಲು?" ಇನ್‌ಸ್ಪೆಕ್ಟರ್ ಮೇಡಂ ಕೇಳಿದರು.

"ಬೀಗ ಹಾಕಿರ್ಲಿಲ್ಲ..."

"ಕೇಳಿದ್ರಾ? ಅತ್ತೆ ಹಾವಿಗೆ ಹಾಲೆರೆದ್ರು," ಎಂದ ಅಳಿಯ. ಹಲ್ಲಿನ ಸೆಟ್ ತಯಾರಿಸುವುದು ಅವನ ಕಸುಬು. ಅವನ ಹೆಂಡತಿ, ರಾಣಿಯ ಒಬ್ಬಳೇ ಮಗಳು, ಗೋಡೆಗೊರಗಿ ಕೂತಿದ್ದಳು. ಕೆನ್ನೆಯ ಮೇಲೆ ಬಾಸುಂಡೆ.

ಪ್ರಯೋಗಾಲಯದಲ್ಲಿ ಬಾಯಿರೋಗದ ತಜ್ಞೆ ಸೂಕ್ಷ್ಮದರ್ಶಕದ ಎರಡು ಚಿತ್ರ ತೋರಿಸಿದರು.

"ಕರವಸ್ತ್ರಕ್ಕೆ ಅಂಟಿದ್ದ ಕೋಶಗಳು. ಇದು ಕೆನ್ನೆಯ ಒಳಗಿನದು — ಬೆರಳಚ್ಚಿನ ಹಾಗೆ ಗೆರೆ ಗೆರೆ. ಇದು ನೋಡಿ, ಜೇನುಗೂಡಿನ ಹಾಗೆ ಗುಳಿ ಗುಳಿ. ಇದು ಅಂಗುಳದ್ದು."

"ಅಂದ್ರೆ ಬಟ್ಟೆ ಬಾಯಿಗೆ ತುರುಕಿದ್ದಾರೆ."

"ಸರಿ. ಆದ್ರೆ ಅಂಗುಳಕ್ಕೆ ತಾಕಿದ್ದು ಹೇಗೆ? ಮೇಲಿನ ಹಲ್ಲೆಲ್ಲ ಕಟ್ಟಿಸಿದ್ದು. ಆ ಸೆಟ್ಟು ಅಂಗುಳಾನ ಪೂರ್ತಿ ಮುಚ್ಚುತ್ತೆ. ಶವ ಬಂದಾಗ ಅದು ಬಿಗಿಯಾಗಿ ಕೂತಿತ್ತು!"

ಇನ್‌ಸ್ಪೆಕ್ಟರ್ ಚಿತ್ರವನ್ನು ಮತ್ತೆ ಎತ್ತಿಕೊಂಡರು. ಹಲ್ಲು ತೆಗೆದು, ಕೊಂದು, ಮತ್ತೆ ಜೋಡಿಸಿದ್ದಾರೆ — ಯಾರು?

ಅಂದು ಸಂಜೆಯೇ ಮೂವರನ್ನೂ ಆ ಕೋಣೆಯಲ್ಲಿ ಕೂರಿಸಿದರು.

"ರಾಣಿಯವರ ಹಲ್ಲು ಹೇಗಿತ್ತು?"

"ಮುತ್ತಿನ ಹಾಗೆ," ಎಂದಳು ತಂಗಿಯ ಮಗಳು. "ಒಂದೂ ಉದುರಿಲ್ಲ ಅಂತ ದೊಡ್ಡಮ್ಮಂಗೆ ಎಷ್ಟು ಜಂಬ!"

"ಹೌದು, ಅಮ್ಮನ ಹಲ್ಲು ಗಟ್ಟಿ," ಎಂದಳು ಮಗಳು.

"ನೀವೇನಂತೀರಿ?"

ಅಳಿಯ ತಲೆಯಾಡಿಸಿದ. "ನಂಗೂ ಅಷ್ಟೇ ಗೊತ್ತು."

"ಸುಳ್ಳು. ಕಟ್ಟಿದ ಹಲ್ಲಿನ ಒಳಗೆ ನಿಮ್ಮ ಅಂಗಡಿಯ ಗುರುತಿದೆ. ಅದು ತೆಗೆಯೋ ಹಲ್ಲು ಅಂತ ಈ ಮನೇಲಿ ಗೊತ್ತಿದ್ದವರು ನೀವೊಬ್ಬರೇ. ತುರುಕುವಾಗ ಅಡ್ಡ ಬಂತು, ತೆಗೆದಿರಿ. ಸತ್ತ ಮೇಲೆ ಮೊದಲಿನ ಹಾಗೇ ಕೂರಿಸಿದಿರಿ. ಗುಟ್ಟು ಉಳೀತು ಅಂದ್ಕೊಂಡಿರಿ. ಕೊಂದವರು ನೀವೇ. ಆದರೆ — ಯಾಕೆ?"

ಉತ್ತರ ಬಂದದ್ದು ಗೋಡೆಯ ಕಡೆಯಿಂದ.

"ಇನ್ನು ನನ್ನನ್ನ ಇವನ ಮನೆಗೆ ಕಳ್ಸಲ್ಲ ಅಂದಿದ್ಲು ಅಮ್ಮ," ಎಂದಳು ಮಗಳು. "ನಿನ್ನೆ. ಇವನೆದುರಿಗೇ."

ಕೈಗೆ ಕೋಳ ಬಿತ್ತು. ಹೊಸ್ತಿಲಲ್ಲಿ ಅಳಿಯ ತಿರುಗಿ, ಹೆಂಡತಿಯನ್ನು ನೋಡಿ ನಕ್ಕ.

"ಅಳಬೇಡ ಕಣೇ. ಬೇಗ ಬರ್ತೀನಿ."

ಜೀಪು ಹೊರಟಿತು. ಮಗಳು ಎದ್ದು ಬಾಗಿಲು ಹಾಕಿದಳು, ಚಿಲಕ ಜಡಿದಳು. ಆಮೇಲೆ ಚಿಕ್ಕಮ್ಮನ ಮಗಳನ್ನು ಕರೆದಳು; ಇಬ್ಬರೂ ಸೇರಿ ಅಮ್ಮನ ಮಂಚವನ್ನು ಬಾಗಿಲಿಗೆ ಅಡ್ಡ ಎಳೆದರು.