ಒಡೆಯದೆ ಉಳಿದ ಗಾಜು

ಮನೆಯ ನಡುವಿನ ಹಾಲ್‌ನ ಗೋಡೆಯ ಮೇಲಿದ್ದ ಗಾಜಿನ ಪಟ್ಟಿಗಳು ಒಡೆದಿದ್ದವು. ಬೆಳಿಗ್ಗೆ ಬಾಗಿಲು ತೆರೆದ ಹಿರಿಸೊಸೆ ಒಂದು ಚೂರನ್ನೂ ಮುಟ್ಟಲಿಲ್ಲ. ಸೀದಾ ಪೊಲೀಸರಿಗೆ ಫೋನ್ ಮಾಡಿದಳು.

ಸಿರಿವಂತ ಮನೆತನವೊಂದು ಪೇಟೆಯ ನಡುವೆ ಕಟ್ಟಿಸಿದ್ದ ಹಳೆಯ ಮಹಲು ಅದು. ಗೋಡೆಯಲ್ಲಿ ಉದ್ದನೆಯ ಬಿರುಕು. ಅದಕ್ಕೆ ಅಡ್ಡಲಾಗಿ, ಕೆಳಗಿನಿಂದ ಮೇಲಿನವರೆಗೆ, ನಗರಸಭೆಯ ಎಂಜಿನಿಯರ್ ಗಾಜಿನ ಪಟ್ಟಿಗಳನ್ನು ಅಂಟಿಸಿದ್ದ. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಗಾಜು ಒಡೆದರೆ ಮನೆ ಅಪಾಯಕಾರಿ. ಅವನು ಸಹಿ ಹಾಕಿದರೆ ಸಂಜೆಯೊಳಗೆ ಖಾಲಿ ಮಾಡಿಸಿ, ಕೆಡವುತ್ತಾರೆ.

"ಗಾಜು ಒಡೆದಿದ್ದಕ್ಕೆಲ್ಲ ಪೊಲೀಸ್ ಯಾಕೆ ಅತ್ತಿಗೆ?" ಎಂದ ಮೈದುನ. ಆಳು ಎಷ್ಟು ಎತ್ತರವೆಂದರೆ, ಬೀದಿಯಲ್ಲಿ ಅವನಿಗೆ ಲೈಟುಕಂಬ ಎಂದೇ ಹೆಸರು. "ಮಾರೋಣ ಅಂತ ಎಷ್ಟು ಬಡ್ಕೊಂಡೆ! ಈಗ ಗೋಡೆನೇ ಹೇಳ್ತಿದೆ."

"ಗೋಡೆ ಏನೂ ಹೇಳಿಲ್ಲ. ಹೇಳ್ತಿರೋನು ನೀನು."

ಅವನ ಹೆಂಡತಿ ಬಾಗಿಲಲ್ಲೇ ನಿಂತು ಕಣ್ಣೊರೆಸಿಕೊಂಡಳು. "ಹಟ ಬಿಡಿ ಅಕ್ಕಾ. ನಮ್ಮನೆಗೆ ಬಂದ್ಬಿಡಿ. ನಂಗಂತೂ ಭಯ. ಈ ಹಾಲಿಗೆ ಕಾಲಿಟ್ಟು ವರ್ಷವಾಯ್ತು."

* * *

ಎಂಜಿನಿಯರ್ ಪೆನ್ನು ತೆಗೆದಿದ್ದ.

"ತಡೀರಿ," ಎಂದಳು ಇನ್ಸ್‌ಪೆಕ್ಟರ್. "ಬಿರುಕು ಎಲ್ಲಿ ಜಾಸ್ತಿ ಅಗಲ?"

"ಮೇಲ್ಗಡೆ ಮೇಡಂ. ಈ ಗೋಡೆ ಬಾಯಿ ಬಿಟ್ಟರೆ ಅಲ್ಲಿಂದಲೇ."

ಅವಳು ಟಾರ್ಚ್ ಬೆಳಕನ್ನು ಮೇಲಕ್ಕೆ ಬಿಟ್ಟಳು. ಗಾರೆಯ ಹೂಬಳ್ಳಿಯ ನೆರಳಲ್ಲಿ ಕೊನೆಯ ಪಟ್ಟಿ ಹೊಳೆಯಿತು. ಕೂದಲೆಳೆಯಷ್ಟೂ ಸೀಳಿರಲಿಲ್ಲ.

ಎಂಜಿನಿಯರ್ ಪೆನ್ನು ಜೇಬಿಗಿಟ್ಟ. "ಹಾಗಾದ್ರೆ ಗೋಡೆ ಅಲುಗಿಲ್ಲ ಮೇಡಂ. ಉಳಿದವನ್ನ ಯಾರೋ ಒಡೆದಿದ್ದಾರೆ."

"ಇದು ಇವನದೇ ಕೆಲಸ!" ಹಿರಿಸೊಸೆ ಮೈದುನನತ್ತ ಬೆರಳು ಚಾಚಿದಳು. "ಕೀ ಇವರ ಹತ್ರಾನೂ ಇದೆ."

"ಸಾರ್, ಕೈ ಎತ್ತಿ ಆ ಗಾಜು ಮುಟ್ಟಿ."

ಅವನು ಸಲೀಸಾಗಿ ಮುಟ್ಟಿದ.

"ಇವರಲ್ಲಮ್ಮ. ಇವರಾಗಿದ್ರೆ ಅದನ್ನೂ ಬಿಡ್ತಿರಲಿಲ್ಲ. ರಿಪೇರಿಗೆ ಅಂತ ಹಾಲ್ ಖಾಲಿ ಮಾಡಿದ್ದೀರಿ, ಹತ್ತೋಕೆ ಒಂದು ಸ್ಟೂಲೂ ಇಲ್ಲ. ಒಡೆದವರಿಗೆ ಅದು ಎಟುಕಿಲ್ಲ, ಅಷ್ಟೇ." ಇನ್ಸ್‌ಪೆಕ್ಟರ್ ಬಾಗಿಲಲ್ಲಿದ್ದ ಅವನ ಹೆಂಡತಿಯತ್ತ ತಿರುಗಿದಳು. "ಮೇಡಂ, ಚಪ್ಪಲಿ ಕೊಡಿ."

ಎತ್ತರದ ಹಿಮ್ಮಡಿಯ ಚಪ್ಪಲಿ. ಹಿಮ್ಮಡಿಯ ತುಂಬ ಗೀರುಗಳು. ಗೀರುಗಳಲ್ಲಿ ಗಾಜಿನ ಪುಡಿ, ಸುಣ್ಣ.

"ನನ್ನ ಹತ್ರಾನೂ ವರ್ಷದಿಂದ ಒಳಗೆ ಬಂದಿಲ್ಲ ಅಂದ್ರಿ. ಇದೇ ನಿಮ್ಮ ಸುತ್ತಿಗೆ. ಕಾಲಲ್ಲಿ ಇದ್ದಿದ್ರೆ ಮೇಲಿನ ಗಾಜೂ ಎಟುಕ್ತಿತ್ತು. ಆದ್ರೆ ಅದು ಕೈಯಲ್ಲಿತ್ತು."

ವಾರಗಿತ್ತಿ ಬರಿಗಾಲಲ್ಲಿ ನಿಂತಿದ್ದಳು. ಕಣ್ಣೀರು ನಿಂತಿತ್ತು. "ಬಾಯಿ ಮಾಡೋದಷ್ಟೇ ಇವರಿಗೆ ಗೊತ್ತು," ಗಂಡನತ್ತ ಕತ್ತು ತಿರುಗಿಸಿದಳು. "ಯಾರಾದ್ರೂ ಏನಾದ್ರೂ ಮಾಡ್ಬೇಕಿತ್ತಲ್ಲ? ಎಷ್ಟು ದಿನ ಈ ಹಳೇ ಗೋಡೆ ಕಾಯೋದು? ಹೇಗಿದ್ರೂ ಒಂದಿನ ಬೀಳೋದೇ."

"ಬೀಳಲಿ," ಎಂದಳು ಹಿರಿಸೊಸೆ. "ತಾನಾಗಿ ಬೀಳಲಿ. ಅಲ್ಲೀವರೆಗೆ ನಾನು ಇದರ ಕೆಳಗೇ ಮಲಗ್ತೀನಿ."

ಆಮೇಲೆ ಎಂಜಿನಿಯರನಿಗೆ ಹೇಳಿದಳು: "ಹೊಸ ಗಾಜು ಅಂಟಿಸಿ. ನಾನು ಇಲ್ಲೇ ನಿಂತಿರ್ತೀನಿ."