ಕಣಗಿಲೆಯ ಪಟ್ಟಿ

ಬಸ್ಸಿನ ಮೆಟ್ಟಿಲು ಹತ್ತುವಾಗ ನೀಲಾಂಬಿಕೆಯ ತೋಳಿಗೆ ಅಂಟಿಸಿದ್ದ ಪಟ್ಟಿ ಬೆಚ್ಚಗಾಯಿತು. ಸೋತ ಹೃದಯಕ್ಕೆ ಒಂದಿಷ್ಟೇ ಮದ್ದು ಇಳಿಯಿತು, ಏದುಸಿರು ಬರಲಿಲ್ಲ. ಹೋದ ವರ್ಷ ಹೊಸ್ತಿಲು ದಾಟಿದರೆ ಕೂರಬೇಕಾಗುತ್ತಿದ್ದವಳು ಈಗ ಹಾವೇರಿಯಿಂದ ಹುಬ್ಬಳ್ಳಿಗೆ, ತಂಗಿಯ ಬಸುರಿ ಮಗಳ ಕುಬಸದ ಶಾಸ್ತ್ರಕ್ಕೆ ಹೊರಟಿದ್ದಳು. ಅದು 2063ನೇ ಇಸವಿ.

ಪಟ್ಟಿಯನ್ನು ಕಂಡುಹಿಡಿದ ಡಾ. ರಝಿಯಾ ಹಂಚಿನಾಳ, ರೋಗಿಗಳನ್ನು ನೋಡಿ ಊರಿಗೆ ಮರಳುತ್ತ ಪಕ್ಕದಲ್ಲೇ ಕೂತಿದ್ದಳು. ಪಟ್ಟಿಯೊಳಗಿದ್ದದ್ದು ಕಣಗಿಲೆಯ ಜೀವಂತ ಕೋಶಗಳು. ಕಣಗಿಲೆಯ ಬೇರಿನಿಂದ ಹೂವಿನವರೆಗೆ ಎಲ್ಲವೂ ವಿಷ. ಅತಿ ಸೂಕ್ಷ್ಮ ಪ್ರಮಾಣದಲ್ಲಿ ಅದೇ ವಿಷ ಹೃದಯದ ಸ್ನಾಯುವಿಗೆ ಬಲ. ನಾಡಿಯನ್ನು ಗ್ರಹಿಸಿ ಕೋಶಗಳು ಬೇಕಾದಷ್ಟೇ ತಯಾರಿಸುತ್ತಿದ್ದವು. ಅವುಗಳ ಉಸಿರಿಗೆಂದು ಮೇಲ್ಪದರದಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿದ್ದವು.

ಶಿಗ್ಗಾವಿ ದಾಟಿದ ಮೇಲೆ ಬಸ್ಸು ನಿಂತಿತು. ಹೆದ್ದಾರಿಯ ನಡುವಿನ ಕಣಗಿಲೆ ಸಾಲನ್ನು ಯಂತ್ರವೊಂದು ಕತ್ತರಿಸುತ್ತಿತ್ತು. ಕಿಟಕಿಯಿಂದ ಹಸಿ ಸೊಪ್ಪಿನ ವಾಸನೆ ನುಗ್ಗಿತು.

ಸ್ವಲ್ಪ ಹೊತ್ತಿಗೆ ನೀಲಾಂಬಿಕೆಗೆ ಯಂತ್ರದ ದೀಪದ ಸುತ್ತ ಹಳದಿ ಬಳೆ ಕಂಡಿತು. ಎದೆ ಒಮ್ಮೆ ಬಡಿದು, ಇನ್ನು ಬಡಿಯುವುದೇ ಇಲ್ಲವೇನೋ ಎಂಬಷ್ಟು ತಡೆದು, ಮತ್ತೊಮ್ಮೆ ಬಡಿಯಿತು. ಆ ನಡುವಿನ ಮೌನಕ್ಕೆ ಅವಳ ಕೈಕಾಲು ತಣ್ಣಗಾದವು.

"ಡಾಕ್ಟರ್ ಬಾಯಾರ, ಎದಿ ನಿಂತು ನಿಂತು ಹೊಡ್ಯಾಕತ್ತೈತಿ."

ರಝಿಯಾ ನಾಡಿ ಹಿಡಿದಳು. ನಾಡಿ ಇಷ್ಟು ಇಳಿದಾಗ ಪಟ್ಟಿ ಸುಮ್ಮನಾಗಬೇಕಿತ್ತು. ಅದು ವಿಷ ಸುರಿಸುತ್ತಲೇ ಇತ್ತು. ಅವಳ ಕಣ್ಣು ಕಿಟಕಿಯಾಚೆ ಹೋಯಿತು. ಗಾಯಗೊಂಡ ಗಿಡ ವಾಸನೆಯಲ್ಲೇ ಎಚ್ಚರಿಕೆ ಹರಡುತ್ತದೆ, ನೆರೆಯ ಗಿಡ ಅದನ್ನರಿತು ತನ್ನ ವಿಷ ಹೆಚ್ಚಿಸಿಕೊಳ್ಳುತ್ತದೆ ಎಂದು ಅವಳೇ ತರಗತಿಯಲ್ಲಿ ಪಾಠ ಮಾಡಿದ್ದಳು. ಪ್ರಯೋಗಾಲಯದ ಶುದ್ಧ ಗಾಳಿಯಲ್ಲಿ ಬೆಳೆದ ಕೋಶಗಳಿಗೆ ಆ ಭಾಷೆ ತಿಳಿಯದೆಂದು ನಂಬಿದ್ದಳು. ರಂಧ್ರಗಳಿಂದ ನುಗ್ಗಿದ ವಾಸನೆಯನ್ನು ಅವು ಅರಿತುಕೊಂಡಿದ್ದವು.

ಪಟ್ಟಿಯನ್ನು ಕಿತ್ತು ಹೊರಗೆಸೆದು, ಪ್ರತಿವಿಷ ತರಲು ಆಂಬುಲೆನ್ಸಿಗೆ ಫೋನು ಮಾಡಿದಳು. ಆದರೆ ರಕ್ತಕ್ಕಿಳಿದದ್ದು ಇಳಿದಿತ್ತು.

"ನಾ ಉಳೀತೀನೇನ್ರಿ?"

"ಗೊತ್ತಿಲ್ಲವ್ವಾ. ಕೈ ಮಾತ್ರ ಬಿಡಂಗಿಲ್ಲ," ಎಂದಳು ರಝಿಯಾ. ಆಂಬುಲೆನ್ಸ್ ಬರುವವರೆಗೂ ಬಿಡಲಿಲ್ಲ.

ನೀಲಾಂಬಿಕೆ ಉಳಿದಳು. ಆದರೆ ಪಟ್ಟಿಯಿಲ್ಲದೆ ಹಾಸಿಗೆಯಿಂದ ಏಳಲಾಗದೆ, ಕೊನೆಗೆ ತಾನೇ ಅದನ್ನು ಮತ್ತೆ ಕೇಳಿದಳು. ರಂಧ್ರ ಮುಚ್ಚಿದರೆ ಕೋಶಗಳು ಸಾಯುತ್ತವೆ, ಬೇರೆ ದಾರಿ ಇನ್ನೂ ಸಿಕ್ಕಿಲ್ಲ ಎಂದು ರಝಿಯಾ ಮುಚ್ಚುಮರೆಯಿಲ್ಲದೆ ಹೇಳಿದಳು. ನೀಲಾಂಬಿಕೆ ತೋಳು ಚಾಚಿದಳು. ಅಂದಿನಿಂದ ಎಲ್ಲಿ ಸೊಪ್ಪು ಕತ್ತರಿಸಿದ ವಾಸನೆ ಬಂದರೂ ತೋಳಿಗೆ ಸೆರಗು ಸುತ್ತಿಕೊಂಡು ಓಡುವಳು. ಪಟ್ಟಿ ತೊಟ್ಟ ನಾಡಿನ ಸಾವಿರಾರು ಹೃದ್ರೋಗಿಗಳೂ ಹಾಗೆಯೇ.

ಓಡಿ ಹೋಗುವುದಾದರೂ ಎಲ್ಲಿಗೆ? ಹೆದ್ದಾರಿಗಳ ಉದ್ದಕ್ಕೂ ಕಣಗಿಲೆಯೇ. ಅವನ್ನು ನೆಟ್ಟವರು ಆ ಕಾಲದವರಲ್ಲ, ಈ ಕಾಲದ ನಾವು. ದನ ಬಾಯಿ ಹಾಕುವುದಿಲ್ಲ, ನೀರು ಹೆಚ್ಚು ಬೇಡ ಎಂದಷ್ಟೇ ನೋಡಿ, ಇಂದಿಗೂ ನೆಡುತ್ತಿದ್ದೇವೆ.