ಮೂರನೇ ಮಹಡಿಯ ಚಿಲಕಗಳು

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ವಿಶ್ವವಿದ್ಯಾಲಯದ ಕುಲಸಚಿವರು ಖುದ್ದಾಗಿ ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ವಿದ್ಯಾರ್ಥಿನಿಯರ ಹಾಸ್ಟೆಲಿನ ಮೂರನೇ ಮಹಡಿಯಲ್ಲಿ ಅಷ್ಟೂ ಕೋಣೆಗಳ ಒಳಚಿಲಕಗಳನ್ನು ಯಾರೋ ಬಿಚ್ಚಿಕೊಂಡು ಹೋಗಿದ್ದರು.

ಇನ್‌ಸ್ಪೆಕ್ಟರ್ ದೂರನ್ನು ಎರಡು ಸಲ ಓದಿದರು. ವಾರದಿಂದ ಅವರ ತಲೆ ತಿನ್ನುತ್ತಿದ್ದ ಎರಡು ಮನೆಗಳ್ಳತನ, ಒಂದು ಅಪಘಾತ ಹಾಗೆಯೇ ಬಿದ್ದಿದ್ದವು.

"ಚಿಲಕ?"

"ಹೌದು, ಚಿಲಕ."

"ಬಾಗಿಲು ಬಿಟ್ಟು ಹೋಗಿದಾರಲ್ಲ, ಪುಣ್ಯ."

ಕುಲಸಚಿವರು ನಗಲಿಲ್ಲ. "ಪರೀಕ್ಷೆ ವಾರ ಇದು. ಅಪ್ಪ ಅಮ್ಮಂದಿರು ಫೋನಲ್ಲಿ ನನ್ನ ಪ್ರಾಣ ಹಿಂಡ್ತಿದಾರೆ. ಯಾವನೋ ಪೋಲಿ ಕೆಲಸ. ಇವತ್ತೇ ಹಿಡೀರಿ."

ಎಫ್‌ಐಆರ್ ದಾಖಲಾಯಿತು. ಇನ್‌ಸ್ಪೆಕ್ಟರ್ ಹಲ್ಲು ಕಚ್ಚಿಕೊಂಡೇ ಜೀಪು ಹತ್ತಿದರು. ಜೊತೆಗೆ, ಠಾಣೆಯಲ್ಲಿ ಎಲ್ಲರೂ ಅಕ್ಕ ಎಂದೇ ಕರೆಯುವ ಮಹಿಳಾ ಹೆಡ್ ಕಾನ್‌ಸ್ಟೇಬಲ್.

ಮೂರನೇ ಮಹಡಿಯ ಕಾರಿಡಾರಿನಲ್ಲಿ ಒಣಗಲು ಹಾಕಿದ ಟವೆಲುಗಳು, ಗೋಡೆಯುದ್ದಕ್ಕೂ ಅಂಟಿಸಿದ ಸೂತ್ರಗಳ ಚೀಟಿಗಳು. ವಾರ್ಡನ್ ಮುಂದೆ ಮುಂದೆ ನಡೆದರು. ಪಂಚರ ಎದುರಿಗೆ ಪಂಚನಾಮೆ ಶುರುವಾಯಿತು. ಬಣ್ಣಕ್ಕೆ ಗೀರು ಬಿದ್ದಿಲ್ಲ, ಮರ ಸೀಳಿಲ್ಲ. ಒಂದೊಂದು ತಿರುಪನ್ನೂ ತಾಳ್ಮೆಯಿಂದ ಬಿಚ್ಚಲಾಗಿತ್ತು. ಕೋಣೆಗಳಲ್ಲಿದ್ದ ಲ್ಯಾಪ್‌ಟಾಪು, ಗಡಿಯಾರ, ಯಾವುದಕ್ಕೂ ಕೈ ತಾಗಿರಲಿಲ್ಲ.

ಅಕ್ಕ ಸ್ನಾನದ ಮನೆಗಳನ್ನೆಲ್ಲ ನೋಡಿಕೊಂಡು ಬಂದಳು. "ಸಾರ್, ಅಲ್ಲಿ ಒಂದು ಚಿಲಕಾನೂ ಹೋಗಿಲ್ಲ."

"ಅಂದ್ರೆ?"

"ಪೋಲಿ ಆಗಿದ್ರೆ ಮೊದ್ಲು ಕೈ ಹಾಕೋದೇ ಅಲ್ಲಿಗೆ. ಇದು ಹೆಣ್ಮಕ್ಕಳ ಮಾನ ಕಾಯೋರ ಕೆಲಸ."

ಮೂಲೆಯ ಕೋಣೆಗೆ ಬೀಗ ಹಾಕಿತ್ತು. ಅದರ ಚೌಕಟ್ಟಿಗೆ ಮೊಳದುದ್ದದ ಹೊಸ ಮರದ ತುಂಡು ಜೋಡಿಸಿದ್ದರು. ಬಣ್ಣ ಇನ್ನೂ ಬೆರಳಿಗೆ ಅಂಟುತ್ತಿತ್ತು.

"ಇದೇನಾಗಿತ್ತು?" ಎಂದರು ಇನ್‌ಸ್ಪೆಕ್ಟರ್.

"ಗೆದ್ದಲು," ಎಂದರು ವಾರ್ಡನ್, ಪ್ರಶ್ನೆ ಮುಗಿಯುವ ಮೊದಲೇ.

"ಮೂರನೇ ಮಹಡೀಗೆ ಹತ್ತಿ ಬಂದು ಚಿಲಕದ ಹತ್ರ ಮಾತ್ರ ತಿಂತಾ?"

ವಾರ್ಡನ್ ಸೆರಗು ಸರಿಮಾಡಿಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು.

"ಈ ಕೋಣೇಲಿ ಯಾರಿದ್ರು?"

"ಇಬ್ರು. ಒಬ್ಬಳಿಗೆ ಕಾಮಾಲೆ, ಊರಿಗೆ ಹೋದ್ಲು. ಇನ್ನೊಬ್ಬಳನ್ನ ಎರಡನೇ ಮಹಡೀಗೆ ಹಾಕಿದೀವಿ."

ಇಳಿಯುವಾಗ ನೆಲಮಹಡಿಯಲ್ಲಿ 'ಆಪ್ತ ಸಮಾಲೋಚನೆ' ಎಂಬ ಫಲಕ ಕಾಣಿಸಿತು. ಇನ್‌ಸ್ಪೆಕ್ಟರ್ ಬಾಗಿಲು ತಳ್ಳಿದರು. ಒಳಗೆ ಸೂರಿನವರೆಗೂ ಹಳೆಯ ಉತ್ತರಪತ್ರಿಕೆಗಳ ಗಂಟು.

"ಸಮಾಲೋಚಕರೆಲ್ಲಿ?"

"ನೇಮಕಾತಿ ಆಗ್ಬೇಕು ಸಾರ್."

"ಯಾವಾಗಿಂದ?"

ವಾರ್ಡನ್ ಫಲಕವನ್ನೇ ನೋಡುತ್ತ ನಿಂತರು. ಇನ್‌ಸ್ಪೆಕ್ಟರಿಗೆ ಮೈಯೆಲ್ಲ ಉರಿಯಿತು. ಚಿಲಕ ಹೋಯಿತೆಂದು ಠಾಣೆಗೆ ಓಡಿ ಬರುತ್ತಾರೆ, ಇದಕ್ಕೆ ಒಂದು ಕುರ್ಚಿ ಹಾಕಲೂ ಪುರುಸೊತ್ತಿಲ್ಲ.

ಗೇಟಿನ ಕಾವಲಿನವಳ ವಿಚಾರಣೆ ಎರಡು ಮಾತಿನಲ್ಲಿ ಮುಗಿಯಿತು. ಭಾನುವಾರ ಮೇಲಿನವರೆಲ್ಲ, ಎಂದಿನಂತೆ ಕೋಣೆಗಳಿಗೆ ಬೀಗ ಹಾಕದೆ, ಓದಲು ಗ್ರಂಥಾಲಯಕ್ಕೆ ಹೋಗಿದ್ದರು. ಮೂಲೆ ಕೋಣೆಯಲ್ಲಿ ಮೊದಲಿದ್ದವಳು ಮಾತ್ರ, ಬಟ್ಟೆ ಮರೆತಿದ್ದೇನೆ ಎಂದು ಮೇಲೆ ಹೋದವಳು, ಮಧ್ಯಾಹ್ನದವರೆಗೆ ಇಳಿದಿರಲಿಲ್ಲ.

ಆಕೆ ಗ್ರಂಥಾಲಯದಲ್ಲಿ ಸಿಕ್ಕಳು. ತೆಳ್ಳಗಿನ, ಕನ್ನಡಕದ ಹುಡುಗಿ. ಎದುರಿಗೆ ಪುಸ್ತಕ ಬಿಚ್ಚಿತ್ತು. ಅಕ್ಕ ಪಕ್ಕದಲ್ಲಿ ಕೂತು, "ಬಾಮ್ಮಾ, ಸ್ವಲ್ಪ ಹೊರಗೆ ಮಾತಾಡೋಣ" ಎಂದಳು. ಹುಡುಗಿ ಚೀಲ ಎತ್ತಿದಾಗ ಒಳಗೆ ಕಬ್ಬಿಣ ಗಲಗಲ ಅಂದಿತು.

"ಏನದು?"

"ಚಿಲಕ, ಸಾರ್."

"ಎಲ್ಲಾನೂ?"

"ಎಲ್ಲಾನೂ."

ಕಳ್ಳರು ಇಷ್ಟು ಸಲೀಸಾಗಿ ಒಪ್ಪಿಕೊಂಡದ್ದನ್ನು ಇನ್‌ಸ್ಪೆಕ್ಟರ್ ಕಂಡಿರಲಿಲ್ಲ. ಅದಕ್ಕೇ ಇನ್ನಷ್ಟು ರೇಗಿತು. "ಓದೋ ಹುಡುಗಿ ನೀನು. ಯಾಕಮ್ಮಾ ಬೇಕಿತ್ತು ಇದು?"

ಅವಳು ಚೀಲವನ್ನು ಅಕ್ಕನ ಕೈಗೆ ಕೊಟ್ಟಳು. ಮಹಜರು ಮಾಡಿ, ಚಿಲಕಗಳನ್ನು ವಶಕ್ಕೆ ತೆಗೆದುಕೊಂಡು, ಮಧ್ಯಾಹ್ನ ಒಂದೂಕಾಲಕ್ಕೆ ಅವಳನ್ನು ಬಂಧಿಸಿದರು. ಠಾಣೆಯಲ್ಲಿ ಅಕ್ಕ ಕೊಟ್ಟ ನೀರು ಕುಡಿದ ಮೇಲೆ ಬಾಯಿ ಬಿಟ್ಟಳು.

"ಕಾಮಾಲೆ ಅಲ್ಲ ಸಾರ್, ಅವಳಿಗೆ."

"ಗೊತ್ತಾಯ್ತು. ಹೇಳು."

"ಎರಡು ತಿಂಗಳಿಂದ ಅವಳು ಸರಿ ಇರ್ಲಿಲ್ಲ. ಪುಸ್ತಕ ಬಿಚ್ಚೋಳು, ಒಂದೇ ಪುಟ ನೋಡ್ತಾ ಕೂರೋಳು. ವಾರ್ಡನ್‌ಗೆ ಹೇಳ್ದೆ. ಪರೀಕ್ಷೆ ಬಂದ್ರೆ ಎಲ್ರಿಗೂ ಹಂಗೇ, ನೀನು ಓದ್ಕೋ ಅಂದ್ರು. ಅವತ್ತು ಲ್ಯಾಬಿಂದ ಬಂದೆ. ಒಳಗಡೆಯಿಂದ ಚಿಲಕ ಹಾಕಿತ್ತು."

"ತಟ್ಟಿದ್ಯಾ?"

"ಒಂದು ಸಲ, ಮೆಲ್ಲಗೆ." ಅವಳು ಕನ್ನಡಕ ತೆಗೆದಳು. "ಅಂತೂ ಓದ್ತಿದಾಳಲ್ಲ ಅಂತ ಖುಷಿ ಆಯ್ತು ಸಾರ್. ಕೆಡಿಸ್ಬಾರ್ದು ಅಂತ ಬಾಗಿಲಿಗೆ ಒರಗಿ ಹೊರಗೇ ಕೂತೆ. ನಾನೂ ಓದ್ಕೊಂಡೆ. ಒಂದು ಪಾಠ ಪೂರ್ತಿ."

ಬರೆದುಕೊಳ್ಳುತ್ತಿದ್ದ ಅಕ್ಕನ ಕೈ ನಿಂತಿತು.

"ಆಮೇಲೆ ಕರೆದ್ರೆ ಉತ್ತರ ಇಲ್ಲ. ಬೆಂಚು ತಂದು ಗುದ್ದಿ ಒಡೆದ್ವಿ. ಜೀವ ಇತ್ತು. ಉಳಿದ್ಲು. ಯಾರಿಗೂ ಹೇಳ್ಬೇಡ, ಮಿಕ್ಕವರು ಹೆದರ್ತಾರೆ ಅಂದ್ರು ವಾರ್ಡನ್. ಆ ಮಹಡೀಲಿ ಇನ್ನೂ ಎಷ್ಟು ಜನ ಹಂಗೇ ಪುಟ ನೋಡ್ತಾ ಕೂತಿದಾರೆ, ನಂಗೊತ್ತು ಸಾರ್. ಯಾರ ಬಾಗಿಲು ಅಂತ ಕಾಯ್ಲಿ? ಅದಕ್ಕೇ ಎಲ್ಲಾ ಬಿಚ್ಚಿಬಿಟ್ಟೆ."

ಅಷ್ಟರಲ್ಲಿ ಕುಲಸಚಿವರ ಫೋನು ಬಂತು. ಕಳ್ಳಿ ಸಿಕ್ಕಿದ್ದಕ್ಕೆ ಸಂತೋಷವೆಂದರು. ಹುಡುಗಿಗೆ ತಲೆ ಕೆಟ್ಟಿದೆ ಎಂದು ಬರೆದುಕೊಂಡು ಮುಗಿಸಿ, ಹಳೇ ವಿಷಯ ಕೆದಕುವುದು ಬೇಡ ಎಂದರು.

"ಸ್ವಾಮಿ, ದೂರು ಕೊಟ್ಟೋರು ನೀವು," ಎಂದರು ಇನ್‌ಸ್ಪೆಕ್ಟರ್. "ಕಾರಣ ಏನಂತ ನ್ಯಾಯಾಲಯ ಕೇಳುತ್ತೆ. ಗೆದ್ದಲು ಅಂತ ನಾನು ಬರೆಯೋಕಾಗಲ್ಲ. ಸಾಯಂಕಾಲ ನೀವೂ ವಾರ್ಡನ್ನೂ ಹೇಳಿಕೆ ಕೊಡೋಕೆ ಬನ್ನಿ." ಫೋನು ಇಟ್ಟರು, ಕುಕ್ಕಿಯೇ ಇಟ್ಟರು.

ಜಾಮೀನಿಗೆ ಹುಡುಗಿಯ ಚಿಕ್ಕಪ್ಪ ಊರಿಂದ ಹೊರಟಿದ್ದರು. ಅಕ್ಕ ಹೇಳಿಕೆಯನ್ನು ಓದಿ ಹೇಳಿದಳು. ಹುಡುಗಿ ಸಹಿ ಮಾಡಲು ಪೆನ್ನು ಹಿಡಿದವಳು ಹಾಗೇ ತಡೆದಳು.

"ಸಾರ್, ಮತ್ತೆ ಚಿಲಕ ಹಾಕಿಸ್ತಾರಾ?"

"ಹಾಕಿಸ್ತಾರಮ್ಮಾ. ಹೆಣ್ಮಕ್ಕಳ ಕೋಣೆ, ಹಾಕಿಸ್ದೆ ಬಿಡ್ತಾರಾ?"

"ಹೊರಗಿಂದಾನೂ ಕೀಲಿ ಹಾಕಿ ತೆಗೆಯೋಂಥದ್ದು ಸಿಗುತ್ತೆ ಸಾರ್. ನಾನು ಅಂಗಡೀಲಿ ಕೇಳಿದೀನಿ."

ಇನ್‌ಸ್ಪೆಕ್ಟರ್ ಅಕ್ಕನ ಕಡೆ ತಿರುಗಿ, "ಅದನ್ನೂ ಬರ್ಕೋ," ಎಂದರು.